ಹಿಟ್ಟಿನ ಬೋಗುಣಿಗೆ ಒಂದು ಜಾಗ

ನವೆಂಬರ್ ೧೪, ನರೀನ್ ಪಟ್ಟಣ.

ನಾನು ರೂಪಿಸಿದ ವಿದ್ಯುತ್ ಹೀಟರನ್ನು ಹೋದ ಚಳಿಗಾಲದಲ್ಲಿ ಹದಿನೇಳು ಮನೆಯವರು ಹಿಂದಿರುಗಿಸಿದ್ದರು. ಕಾರಣ ಪ್ರಶ್ನಾವಳಿಯಲ್ಲಿ ಸಿಗಲಿಲ್ಲ. ಹಾಗೆ ಹಿಂದಿರುಗಿಸಿದವರಲ್ಲೊಬ್ಬರಾದ, ಎಪ್ಪತ್ತು ದಾಟಿದ ಬತ್ಮಾ ಅಪಾ (ಇಲ್ಲಿ ಹಿರಿಯಮ್ಮಂದಿರನ್ನು ಕರೆಯುವುದೇ ‘ಅಪಾ’ ಎಂದು) ಅವರ ಅಡುಗೆಮನೆಯಲ್ಲಿ ಮೂರು ದಿನ ಸುಮ್ಮನೆ ಕುಳಿತಾಗ ಕಂಡಿತು. ರೊಟ್ಟಿಯ ಹಿಟ್ಟು ಉಬ್ಬಲೆಂದು ಅವರು ಬೋಗುಣಿಯನ್ನು ಕಲ್ಲಿದ್ದಲ ಒಲೆಯ ಬೆಚ್ಚನೆಯ ಕಟ್ಟೆಯ ಮೇಲಿಡುತ್ತಿದ್ದರು. ನನ್ನ ಹೀಟರಿನ ನೆತ್ತಿಯನ್ನು ನಾನೇ ಇಳಿಜಾರಾಗಿಸಿದ್ದೆ.

ಇಂದು ಸಮತಟ್ಟಾದ ನೆತ್ತಿಯ ಹೊಸದನ್ನು ಒಯ್ದೆ. ಇದನ್ನೂ ಅವರು ಒಲ್ಲೆನೆಂದಿದ್ದರೆ ಕಲ್ಲಿದ್ದಲ ಒಲೆಗಳ ಬದಲು ಹೀಟರ್ ಕೊಡುವ ನಮ್ಮ ಯೋಜನೆ ಅಲ್ಲಿಗೇ ಮುಗಿಯುತ್ತಿತ್ತು.

"ಮತ್ತೆ ತಂದ್ಯೇನೋ ಮಗಾ, ನಿನ್ನ ಜಾರುಬಂಡೆ?" ಎನ್ನುತ್ತಲೇ ಅದರ ಮೇಲೆ ಬೋಗುಣಿ ಇಟ್ಟರು. ಗಂಟೆಯೊಳಗೆ ಹಿಟ್ಟು ಮುಚ್ಚಿದ್ದ ಬಟ್ಟೆಯನ್ನೇ ಎತ್ತಿತು. ಬೆರಳಿನಿಂದ ಒತ್ತಿ ನೋಡಿ ಸೊಸೆಯನ್ನು ಕೂಗಿದರು: "ಏ ಝಿಬೆಕ್, ಆ ಕಲ್ಲಿದ್ದಲ ಡಬ್ಬ ಹೊರಗಿಡೇ, ಕಾಲಿಗೆ ಅಡ್ಡ ಬರತ್ತೆ."

ವರದಿಯ ‘ಗ್ರಾಹಕರ ಅಭಿಪ್ರಾಯ’ದ ಅಂಕಣದಲ್ಲಿ ಆ ಮಾತನ್ನು ಯಥಾವತ್ತಾಗಿ ಬರೆದೆ. ಕೆಳಗೆ ನನ್ನ ಸಹಿ ಎಂದಿಗಿಂತ ತುಸು ದೊಡ್ಡದಾಗಿಯೇ ಬಿತ್ತು.