ಚಪ್ಪಲಿ ಬಾರು

ಎರ್ಮೆಸ್,

ಇವತ್ತು ಇಮೋಲಾದ ರೇಸಿನಲ್ಲಿ ಹಿಂದಿನ ಕಾರೊಂದು ಹಾರಿ ಬಂದು ನಮ್ಮ ಮಗ ನೇವಿಯೊನ ಕಾರಿನ ಮೇಲೇ ಕೂತಿತು. ಅವನ ತಲೆಯ ಮೇಲಿನ ಲೋಹದ ಕಮಾನು ಅಷ್ಟೂ ಭಾರ ತಡೆಯಿತು. ನೀನು ‘ಚಪ್ಪಲಿ ಬಾರು’ ಅಂತ ಆಡಿಕೊಂಡೆಯಲ್ಲ, ಅದೇ. ಚಾಲಕರ ಸಭೆಯಲ್ಲಿ “ಹೆದರೋರು ಹೋಗಿ ಬಸ್ಸು ಓಡಿಸ್ಲಿ” ಅಂತ ಎಲ್ಲರನ್ನೂ ನಗಿಸಿ, ಕಮಾನು ಬೇಡವೆಂದು ಮೊದಲು ಕೈ ಎತ್ತಿದವನು ನೀನು. ಆ ವರ್ಷವೇ ಯಾರದೋ ಕಾರಿನಿಂದ ಕಳಚಿದ ಚಕ್ರ ನಿನ್ನ ತಲೆಗೇ ಬಡಿಯಿತು.

ನೇವಿಯೊ ತಾನೇ ಹೊರಗೆ ಬಂದ. ಇಳಿಯಲು ಬಿಚ್ಚಿದ ಸ್ಟೇರಿಂಗನ್ನು ನಿಯಮದಂತೆ ಮತ್ತೆ ಸಿಕ್ಕಿಸಿಟ್ಟೇ ನಡೆದ. ನಿನ್ನದನ್ನು ಬೇರೆಯವರು ಬಿಚ್ಚಿದರು; ಅದು ನಮ್ಮ ಅಡುಗೆಮನೆಯ ಗೋಡೆಯಲ್ಲಿ ನೇತಾಡುತ್ತಿದೆ.

ನಿನ್ನ ಹಳೇ ಮೆಕ್ಯಾನಿಕ್ ಪ್ರೀಮೊ ಕಣ್ಣೊರೆಸಿಕೊಂಡು, “ಅವರಪ್ಪನೇ ಮೇಲಿಂದ ಕಾಪಾಡ್ದ ಕಣಮ್ಮ” ಅಂದ. ನನಗೆ ಮೈಯೆಲ್ಲ ಉರಿಯಿತು. ಇದರಲ್ಲೂ ಹೆಸರು ನಿನಗೇ!

ಅಷ್ಟರಲ್ಲಿ ನೇವಿಯೊ, ಗ್ಯಾರೇಜಿಗೆ ಎಳೆದು ತಂದಿದ್ದ ಕಾರಿನ ಕಮಾನಿನ ಮೇಲಿನ ಟೈರಿನ ಕರಿ ಗುರುತು ಸವರುತ್ತಾ ಕೇಳಿದ: “ಅಮ್ಮಾ, ಅಪ್ಪ ಇದರ ಬಗ್ಗೆ ಏನಂತಿದ್ದ?”

“ಬೇಕೇ ಬೇಕು ಅಂತ ಸಭೇಲಿ ಜಗಳ ಆಡಿದ್ದ ಕಣೋ” ಅಂದೆ.

ಪ್ರೀಮೊ ತಲೆ ತಗ್ಗಿಸಿದ. ನಿನ್ನ ಮಗ ನಂಬಿದ.