ಬೀಗಿತ್ತಿಗೆ ಹೊದಿಸಿದ ಶಾಲು

ಮಾರ್ಚ್ ೪, ಬೆಳಿಗ್ಗೆ

ಬೀಗಿತ್ತಿ ಬಂದು ವಾರವಾಯಿತು. ಹೊರಡುವ ಸುದ್ದಿಯಿಲ್ಲ. ಸೊಸೆಗೆ ತಾಯಿ ಬಂದ ಸಡಗರ, ನನಗೆ ಬಾತ್‌ರೂಮ್ ಸಿಗದ ಸಂಕಟ. ಬಟ್ಟೆ ಮಡಚುವುದನ್ನೂ ಬೀಗಿತ್ತಿ ನನಗೆ ಕಲಿಸುತ್ತಾಳೆ. ಕಲಿಸಲಿ... ಮಾತಿಗೆ ಮಾತು ಕೊಡಲು ಒಬ್ಬಳಾದರೂ ಇದ್ದಾಳೆ.

ಮಾರ್ಚ್ ೬

ಮೊನ್ನೆ ಸಂಜೆಯಿಂದ ಬರೆಯಲು ಕೈ ಬರಲಿಲ್ಲ.

ಸೊಸೆಯೊಡನೆ ವಾಕಿಂಗ್ ಮುಗಿಸಿ ಲಿಫ್ಟ್ ಮುಂದೆ ನಿಂತಿದ್ದೆವು. ನನ್ನ ನಡಿಗೆಯನ್ನು ಆಡಿಕೊಳ್ಳುತ್ತಿದ್ದ ಬೀಗಿತ್ತಿ ಮಾತು ನುಂಗಿ ಕುಸಿದಳು. ಉಸಿರಿಲ್ಲ. ಸೊಸೆ ಮಂಡಿಯೂರಿ ಎದೆ ಒತ್ತತೊಡಗಿದಳು — ಆಫೀಸಿನಲ್ಲಿ ಕಲಿಸಿದ್ದರಂತೆ. ಅವಳು ಕೂಗಿದ್ದಕ್ಕೆ ವಾಚ್‌ಮನ್ ಆಂಬುಲೆನ್ಸ್‌ಗೆ ಫೋನ್ ಮಾಡಿ, ಗೋಡೆಯ ಮೇಲಿದ್ದ, ನಿಂತ ಹೃದಯಕ್ಕೆ ಶಾಕ್ ಕೊಡುವ ಮೆಷಿನ್ ತಂದ. ಬರಿ ಎದೆಗೆ ಪ್ಯಾಡ್ ಅಂಟಿಸಿ ಎಂದಿತು ಮೆಷಿನ್. ಅವನು ಬೀಗಿತ್ತಿಯ ಅಂಗಿಯ ಗುಂಡಿಗೆ ಕೈ ಹಾಕಿದ.

ನಾನು ಹೊದ್ದಿದ್ದ ಶಾಲು ತೆಗೆದು ಅವಳಿಗೆ ಹೊದಿಸಿಬಿಟ್ಟೆ. ಅಷ್ಟು ಜನ ಸೇರಿದ್ದರಲ್ಲ... ಅವನ ಕೈಗೆ ಹೊಡೆದು, ನಾಚಿಕೆಯಿಲ್ಲವೇ ಎಂದು ಗದರಿದೆ. ಪಾಪ, ಪ್ಯಾಡ್ ಹಿಡಿದುಕೊಂಡೇ ಗೋಡೆಗೆ ಮುಖ ಮಾಡಿ ನಿಂತ. ಮೆಷಿನ್ ಹೇಳಿದ್ದನ್ನೇ ಹೇಳುತ್ತಿತ್ತು. ನಾನು ಶಾಲಿನ ಅಂಚು ಬಿಡಲಿಲ್ಲ.

"ಅತ್ತೆ, ಕೈ ತೆಗೀರಿ. ಅಮ್ಮ ಸಾಯ್ತಾ ಇದ್ದಾಳೆ."

ಕೊನೆಗೆ ಸೊಸೆ ಒತ್ತುವುದನ್ನೇ ಬಿಟ್ಟು ನನ್ನನ್ನು ತಳ್ಳಿದಳು. ಅಂಗಿ ಹರಿದಳು. ವಾಚ್‌ಮನ್ ಪ್ಯಾಡ್ ಅಂಟಿಸಿದ. ಎಲ್ಲರೂ ದೂರ ಸರಿದರು, ಶಾಕ್ ಹೊಡೆಯಿತು. ಮತ್ತೆ ಒತ್ತಿದಳು. ಆಂಬುಲೆನ್ಸ್ ಬರುವಷ್ಟರಲ್ಲಿ ಉಸಿರು ಮರಳಿತ್ತು.

ಐಸಿಯುನಲ್ಲಿದ್ದಾಳೆ. ಕಣ್ಣು ಬಿಟ್ಟಿಲ್ಲ. ಮೆದುಳಿಗೆ ಏನಾಗಿದೆಯೋ ಎನ್ನುತ್ತಾರೆ ಡಾಕ್ಟರು.

ಮಾರ್ಚ್ ೮

ಕಣ್ಣು ಬಿಟ್ಟಳಂತೆ. ಗುರುತು ಹಿಡಿದಳಂತೆ. ಹೇಳಿದ್ದು ಮಗ. ಸೊಸೆಗೆ ನನ್ನೊಡನೆ ಮಾತಿಲ್ಲ — ತಟ್ಟೆ ಇಟ್ಟು ಹೋಗುತ್ತಾಳೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮಾನ ಕಾಯಲು ಹೋಗಿ ಪ್ರಾಣ ಕಳೆಯುತ್ತಿದ್ದೆ. ವಾಚ್‌ಮನ್‌ಗೆ ಮುಖ ತೋರಿಸಲಾರದೆ ಹಿಂದಿನ ಮೆಟ್ಟಿಲಿಳಿದು ಓಡಾಡುತ್ತೇನೆ, ಕಳ್ಳಿಯ ಹಾಗೆ.

ಮಾರ್ಚ್ ೧೯

ಬೀಗಿತ್ತಿ ಮನೆಗೆ ಬಂದಳು. ಎದೆ ಒತ್ತಿದ್ದಕ್ಕೆ ಪಕ್ಕೆಲುಬು ಬಿರುಕು ಬಿಟ್ಟಿದೆ, ಕೈ ಎತ್ತಲಾರಳು. ನಾನು ಕೋಣೆಯ ಹೊರಗೇ ನಿಂತಿದ್ದೆ. ಅಂಗಿ ಬದಲಿಸಲು ಬಂದ ಮಗಳನ್ನು ಬೇಡವೆಂದು ಕಳಿಸಿ ನನ್ನನ್ನು ಕರೆದಳು.

"ಬನ್ನಿ ಬೀಗ್ರೇ. ಮುಚ್ಚೋದ್ರಲ್ಲಿ ನಿಮ್ಮ ಕೈ ಚುರುಕಂತೆ. ಬಿಚ್ಚೋಕೂ ಬರುತ್ತಾ ನೋಡೋಣ."

ತಪ್ಪಾಯಿತೆನ್ನುವ ಬದಲು ಗುಂಡಿಗೆ ಕೈ ಹಾಕಿದೆ. ಮೊದಲಿಗೆ ಸಿಗಲಿಲ್ಲ. ಸಿಕ್ಕಿತು. ಒಳಗೆ ಮಾಸುತ್ತಿರುವ ಕೆಂಪು ಗುರುತು, ಪ್ಯಾಡ್ ಅಂಟಿದ್ದಲ್ಲಿ. ಅದರ ಮೇಲೆ ನನ್ನ ಕಣ್ಣೀರು.

"ಅತ್ತೆ, ಮೆತ್ತಗೆ," ಬಾಗಿಲಲ್ಲಿ ಸೊಸೆ.

ಅತ್ತೆ ಎಂದಳು, ಇಷ್ಟು ದಿನದ ಮೇಲೆ. ನಾನು ತಿರುಗಿ ನೋಡದೆಯೇ ಮುಂದಿನ ಗುಂಡಿ ಮೆತ್ತಗೆ ಬಿಚ್ಚಿದೆ.