ಕ್ಯಾನಿನ ಅಡಿಯ ನೀರು

ಏಪ್ರಿಲ್ 14, ಸೋಮವಾರ

ಮೀನಿನ ಪೆಟ್ಟಿಗೆಗಳನ್ನು ತೊಳೆದು ಕವುಚಿ ಹಾಕಿದೆ. ಹನ್ನೊಂದಕ್ಕೆ ಅಪ್ಪಯ್ಯ ಶಂಕರನಾರಾಯಣ ಪೇಟೆಗೆ ಪಿಕಪ್ಪಿನಲ್ಲಿ ಮೀನು ಹಾಕಿ ಬಂದರು. ಗಂಜಿ ಬಡಿಸಿದೆ. "ಉಪ್ಪಿನಕಾಯಿ" ಎಂದರು. ಇವತ್ತಿನ ಮಾತು ಇಷ್ಟೇ.

ಅಮ್ಮ ಹೋದ ಮೇಲೆ ಹೀಗೆ. ಎರಡು ವರ್ಷ. ನಾನೂ ಮಾತಿನವಳಲ್ಲ. ಕನ್ನಡ ಎಂ.ಎ. ಮಾಡಿ ಇಂಟರ್‌ವ್ಯೂಗೆ ಹೋದರೆ ನನ್ನ ಹೆಸರನ್ನೇ ಎರಡೆರಡು ಸಲ ಕೇಳುತ್ತಾರೆ, ದನಿ ಅಷ್ಟು ಸಣ್ಣ. ಅಪ್ಪಯ್ಯನ ಮಾತು ನನಗೆ, ನನ್ನ ಮಾತು ಅವರಿಗೆ ಅಮ್ಮನ ಮೂಲಕವೇ ಹೋಗುತ್ತಿತ್ತು.

ಏಪ್ರಿಲ್ 19

ಪಾರ್ಸೆಲ್ ಬಂತು. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡ ಕಪ್ಪು ಡಬ್ಬಿ, ವಯರುಗಳು, ಒಂದು ಇಂಗ್ಲಿಷ್ ಪುಸ್ತಿಕೆ. ಅಪ್ಪಯ್ಯ ಪಿಕಪ್ಪನ್ನು ಪೆಟ್ರೋಲಿನಿಂದ ಎಥನಾಲಿಗೆ ಬದಲಿಸುತ್ತಾರಂತೆ. ಮಂಗಳೂರು ಕಡೆಯ ಒಂದು ಬಂಕಿನಲ್ಲಿ ಸಿಗುತ್ತದಂತೆ. ನನಗೆ ಹೇಳಿದ್ದಲ್ಲ. ದೋಣಿ ಇದ್ದ ಕಾಲದ ಜೊತೆಗಾರ ಮುತ್ತಣ್ಣನಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ಕೇಳಿಸಿತು.

ಸಂಜೆ ಪುಸ್ತಿಕೆ ತಂದು ನನ್ನೆದುರು ಇಟ್ಟರು. "ಓದ್ ಕಾಂಬ."

ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದೆ. ಕನ್ನಡದಲ್ಲಿ ಹೇಳಿದೆ. ಎರಡು ಪುಟ. ಮುಕ್ಕಾಲು ಗಂಟೆ ಎದುರು ಕೂತಿದ್ದರು.

ಏಪ್ರಿಲ್ 27

ದಿನಾ ಸಂಜೆ ಐದಕ್ಕೆ ಓದು. ಎಥನಾಲ್ ಆದರೆ ಇಂಧನ ಜಾಸ್ತಿ ಬೇಕು. ಆ ಡಬ್ಬಿ ಇಂಧನ ಚಿಮ್ಮಿಸುವ ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಹಳೇ ರಬ್ಬರ್ ಪೈಪು ಹಾಳಾಗುತ್ತದೆ, ಬದಲಿಸಬೇಕು. ತಣ್ಣಗಿರುವಾಗ ಸ್ಟಾರ್ಟ್ ಆಗುವುದು ಕಷ್ಟ. ಇಲ್ಲಿಗೆ ಬಂದಾಗ ಅಪ್ಪಯ್ಯ ನಕ್ಕರು. ದೋಣಿಯ ಇಂಜಿನ್ನನ್ನು ಪೆಟ್ರೋಲಿನಲ್ಲಿ ಎಬ್ಬಿಸಿ ಸೀಮೆಎಣ್ಣೆಗೆ ಹಾಕುತ್ತಿದ್ದೆವು, ಇದೂ ಹಾಗೆಯೇ ಎಂದರು. ಮೂವತ್ತು ವರ್ಷ ಮಾಡಿದ ಕೆಲಸ.

ಅವರು ನಕ್ಕದ್ದನ್ನು ಬರೆದಿಡಬೇಕು ಅನ್ನಿಸಿತು. ಬರೆದೆ.

ಮೇ 4

ಡಬ್ಬಿ ಕೂರಿಸಿದರು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಕೇಳುತ್ತಾರೆ. ಆಮೇಲೆ ನನ್ನ ಕೈಗೆ ಕೊಟ್ಟರು. ಕಿವಿಗಿಟ್ಟೆ. ಒಳಗೆ ಯಾರೋ ಬೇಗಬೇಗ ಅಕ್ಕಿ ಕೇರುತ್ತಿದ್ದಂತೆ ಸದ್ದು.

ಹೊಗೆಯ ವಾಸನೆ ಬೇರೆಯೇ. ತುಸು ಸಿಹಿ. "ನಿನ್ನಮ್ಮನ ಮನಿ ಬದಿಯಂಗ್ ಆಲೆಮನೆ ಇತ್ತ್. ಹೀಂಗೇ ಪರಿಮಳ" ಎಂದರು. ಬ್ರಹ್ಮಾವರದ ಕಡೆ ಆಗ ಕಬ್ಬು ಬೆಳೆಯುತ್ತಿದ್ದರು. ಎರಡು ವರ್ಷದಲ್ಲಿ ಅಮ್ಮನ ವಿಷಯ ಎತ್ತಿದ್ದು ಇದೇ ಮೊದಲು. ಇನ್ನೂ ಹೇಳಲಿ ಎಂದು ಕಾದೆ. ಸ್ಪ್ಯಾನರ್ ಕೇಳಿದರು.

ಮೇ 9

ಗಾಡಿ ಓಡಿತು! ಗಂಗೊಳ್ಳಿ ಬಂದರಿಗೆ ನಾನೂ ಹೋಗಿದ್ದೆ. ಮುತ್ತಣ್ಣ ದೂರದಿಂದಲೇ ಕೂಗಿದರು. "ಹ್ವಾಯ್ ರತ್ನಾಕರ, ಗಾಡಿಗ್ ಶರಾಬ್ ಕುಡ್ಸ್ತಿದ್ಯಂಬ್ರಲೆ. ಮನಿ ದಾರಿ ನೆನಪ್ ಇರತ್ತಾ ಅದ್ಕೆ?" ಎಲ್ಲರೂ ನಕ್ಕರು. ಅಪ್ಪಯ್ಯ ನನ್ನನ್ನು ತೋರಿಸಿ, "ಇವ್ಳ್ ಓದಿ ಹೇಳದ್ದ್" ಎಂದರು.

ಎಲ್ಲಿ ನೋಡಬೇಕೆಂದು ತಿಳಿಯದೆ ಬಂಗುಡೆಯ ಬುಟ್ಟಿ ನೋಡುತ್ತಾ ನಿಂತೆ.

ಪುಸ್ತಿಕೆ ಮುಗಿದಿದೆ. ಇನ್ನು ಸಂಜೆ ಐದಕ್ಕೆ ಏನು?

ಮೇ 20, ಮಂಗಳವಾರ, ಸಂಜೆ

ರಾತ್ರಿಯಿಡೀ ಮಳೆ. ಎಥನಾಲ್ ತುಂಬಿಸಿದ್ದು ದೋಣಿಯ ಹಳೇ ಸೀಮೆಎಣ್ಣೆ ಕ್ಯಾನಿನಲ್ಲಿ. ಮುಚ್ಚಳ ಬಿಗಿ ಮಾಡಿರಲಿಲ್ಲ. ಸೂರಿನ ನೀರು ನೇರ ಅದಕ್ಕೇ ಬಿದ್ದಿದೆ. ನಿನ್ನೆ ಕುತ್ತಿಗೆಗಿಂತ ನಾಲ್ಕು ಬೆರಳು ಕೆಳಗಿತ್ತು. ಇವತ್ತು ಕುತ್ತಿಗೆಯವರೆಗೆ ಇದೆ.

ಅಪ್ಪಯ್ಯ ಗಾಬರಿಯಾಗಲಿಲ್ಲ. "ನೀರ್ ಅಡಿಗ್ ಕೂಕಂತ್. ಬೆಳಿಗ್ಗೆ ತನ್ಕ ಬಿಡ್. ಮೇಲಿಂದ್ ಹೊಯ್ಯುವ." ದೋಣಿಯಲ್ಲಿ ಸೀಮೆಎಣ್ಣೆಗೆ ನೀರು ಸೇರದ ದಿನವೇ ಇರಲಿಲ್ಲವಂತೆ. ಒಮ್ಮೆ ನಡುಗಡಲಿನಲ್ಲಿ ಕ್ಯಾನನ್ನು ತೊಡೆಯ ನಡುವೆ ಇಟ್ಟುಕೊಂಡು, ಅಲುಗಾಡದಂತೆ ಒಂದು ಗಂಟೆ ಕೂತಿದ್ದರಂತೆ, ನೀರು ಇಳಿಯಲಿ ಎಂದು. ಮುತ್ತಣ್ಣನಿಗೆ ಕೆಮ್ಮಲೂ ಬಿಟ್ಟಿರಲಿಲ್ಲವಂತೆ. ಮನೆಗೆ ಬಂದು ಹೇಳಿದರೆ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳಂತೆ.

ಪುಸ್ತಿಕೆ ಇಲ್ಲದೆ ನನ್ನ ಜೊತೆ ಮಾತನಾಡುತ್ತಿದ್ದರು!

ಒಂಬತ್ತನೇ ಪುಟದ ಸಾಲು ನನಗೆ ನೆನಪಿತ್ತು. ಎಥನಾಲ್ ಮತ್ತು ನೀರು ಬೆರೆತುಹೋಗುತ್ತವೆ, ಬೇರೆಯಾಗುವುದಿಲ್ಲ. ಪೈಪಿನ ವಿಷಯ ಓದಿದ ದಿನ ಇದನ್ನೂ ನಾನೇ ಓದಿದ್ದೆ. ಅವರು ಪೈಪಿನ ಯೋಚನೆಯಲ್ಲಿದ್ದರು, ಕೇಳಿಸಿಕೊಂಡಿರಲಿಲ್ಲ.

ಹೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಹೇಳಲಿಲ್ಲ. ಬೆಳಿಗ್ಗೆ ಹೇಳಿದರಾಯಿತು.

ಮೇ 21

ಎದ್ದಾಗ ಐದೂವರೆ. ಗಾಡಿ ಹೋಗಿತ್ತು. ಕ್ಯಾನು ಅಂಗಳದಲ್ಲಿ, ಮೇಲಿನದನ್ನು ಟ್ಯಾಂಕಿಗೆ ಹೊಯ್ದು ಅಡಿಯಲ್ಲಿ ನಾಲ್ಕು ಬೆರಳು ಉಳಿಸಿದ್ದು. ಫೋನ್ ಮಾಡಿದೆ. ಎತ್ತಲಿಲ್ಲ.

ಶಂಕರನಾರಾಯಣದ ದಾರಿಯಲ್ಲಿ ಬಿದ್ಕಲ್‌ಕಟ್ಟೆ ದಾಟಿದ ಮೇಲೆ ಇಂಜಿನ್ ಎಳೆದೆಳೆದು ನಿಂತಿತಂತೆ. ಮೀನು ತುಂಬಿತ್ತು. ಸ್ಕ್ರೂಡ್ರೈವರ್ ಕಿವಿಗಿಟ್ಟು ಅಪ್ಪಯ್ಯ ರಸ್ತೆ ಬದಿಯಲ್ಲಿ ಕೂತಿದ್ದರಂತೆ, ಐಸು ಕರಗುತ್ತಿತ್ತಂತೆ. ಮುತ್ತಣ್ಣ ಬೇರೆ ಟೆಂಪೋ ತಂದು ಪೆಟ್ಟಿಗೆ ಸಾಗಿಸಿದರು. ಇದನ್ನೆಲ್ಲ ಹೇಳಿದವರೂ ಅವರೇ. ಈ ಸಲ ತಮಾಷೆ ಮಾಡಲಿಲ್ಲ.

ಅಪ್ಪಯ್ಯ ಉಣ್ಣಲಿಲ್ಲ. "ಪ್ರಾಯ ಆಯ್ತ್" ಎಂದರು, ನನಗಲ್ಲ, ಗೋಡೆಗೆ. "ಇಂಜಿನ್ ಈಗ ನನ್ ಮಾತ್ ಕೇಂತಿಲ್ಲೆ."

ಮೇ 28

ಟ್ಯಾಂಕ್ ಖಾಲಿ ಮಾಡಿ ಪೆಟ್ರೋಲ್ ಹಾಕಿದ್ದಾರೆ. ಡಬ್ಬಿ ಬಿಚ್ಚಿ ಹಳೇ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಸ್ಕ್ರೂಡ್ರೈವರ್ ಕೂಡ. ಗಾಡಿಯಲ್ಲಿ ಬೇರೆ ಸದ್ದು ಬಂದರೂ ಈಗ ಕಿವಿ ಕೊಡುವುದಿಲ್ಲ. ಕುಂದಾಪುರದ ಗ್ಯಾರೇಜಿಗೆ ಒಯ್ಯುತ್ತಾರೆ. ಮೂವತ್ತು ವರ್ಷದ ಕಿವಿ. ಅದು ತಪ್ಪು ಕೇಳಲಿಲ್ಲ ಎಂದು ಗೊತ್ತಿರುವವಳು ನಾನೊಬ್ಬಳೇ.

ಇವತ್ತು "ಉಪ್ಪಿನಕಾಯಿ" ಎಂದೂ ಹೇಳಲಿಲ್ಲ. ಕೈ ಚಾಚಿ ತಾವೇ ತೆಗೆದುಕೊಂಡರು.

ಮೇ 29, ಸಂಜೆ 5

ಇನ್ನೊಂದು ಕ್ಯಾನಿನಲ್ಲಿ ಸ್ವಲ್ಪ ಶುದ್ಧ ಎಥನಾಲ್ ಉಳಿದಿದೆ. ಗಾಜಿನ ಬಾಟಲಿಗೆ ಅರ್ಧ ಅದು, ಅರ್ಧ ಬಾವಿ ನೀರು ಹಾಕಿದೆ. ಚೀಟಿ ಅಂಟಿಸಿದೆ: 'ಅರ್ಧ ಎಥನಾಲ್, ಅರ್ಧ ನೀರು. ನಿನ್ನೆ ಸಂಜೆ ಇಟ್ಟದ್ದು.' ಬೆಳಿಗ್ಗೆ ಅವರು ಓದುವಾಗ ಅದು ನಿನ್ನೆಯೇ ಆಗಿರುತ್ತದೆ. ಬಾಯಲ್ಲಿ ಹೇಳಲಾಗದೆ ಹೀಗೆ. ಅವರು ಚಹಾ ಕುಡಿಯುವ ಜಗಲಿಯ ಕಟ್ಟೆ ಮೇಲೆ ಇಡುತ್ತೇನೆ.

ಮೇ 30, ಬೆಳಿಗ್ಗೆ 6.20

ಕಿಟಕಿಯಿಂದ ಕಾಣುತ್ತಿದೆ. ಬಾಟಲಿಯಲ್ಲಿ ಎಲ್ಲ ಒಂದೇ ಆಗಿದೆ. ಅಡಿಯಲ್ಲಿ ನೀರು ಕೂತಿಲ್ಲ.

ಅಪ್ಪಯ್ಯ ಬಂದರು. ಚೀಟಿ ಓದಿದರು. ಬಾಟಲಿಯನ್ನು ಬೆಳಕಿಗೆ ಹಿಡಿದರು. ಚೆನ್ನಾಗಿ ಕುಲುಕಿ, ತೊಡೆಯ ನಡುವೆ ಇಟ್ಟುಕೊಂಡು ಕೂತಿದ್ದಾರೆ. ಅಲುಗಾಡುತ್ತಿಲ್ಲ. ನೀರು ಇಳಿಯಲಿ ಎಂದು.

ಚಹಾ ಆರಿದೆ. ಇನ್ನೂ ಕೂತಿದ್ದಾರೆ.

ಈಗ ಬಾಟಲಿ ಬಿಟ್ಟು ಕಿಟಕಿಯ ಕಡೆ ನೋಡುತ್ತಿದ್ದಾರೆ. ಹೋಗಬೇಕು. ಚೀಟಿಯಲ್ಲಿ ಬರೆಯದೆ ಉಳಿದದ್ದು ಒಂದೇ ಮಾತು. ಅಪ್ಪಯ್ಯಾ, ನಂಗ್ ಮೊದ್ಲೇ—